ಗಂಟಲಿನ ಆವಕ ವಿಭಾಗ

ಮಳೆಗಾಲ ಕಾಲಿಟ್ಟಿತೆಂದರೆ ಮುಂಬಯಿಯ ನಮ್ಮವರ ಮನೆಗಳಲ್ಲಿ ಮಕ್ಕಳಿಗೆ ಗಂಟಲು ಕಟ್ಟುವುದೂ, ಅದರ ಬೆನ್ನಿಗೇ ಸಲಹೆಗಳು ಸುರಿಯುವುದೂ ಇದ್ದದ್ದೇ. ಊರಿನಿಂದ ಅಜ್ಜಿ ಅರಿಸಿನದ ಹಾಲು ಎನ್ನುತ್ತಾರೆ. ಪಕ್ಕದ ಮನೆಯ ಕಾಕೂ, “ಟಾನ್ಸಿಲ್ ತೆಗೆಸಿಬಿಡಿ, ಪೀಡೆ ಕಳೆಯುತ್ತದೆ” ಎನ್ನುತ್ತಾರೆ. ಔಷಧದಂಗಡಿಯವನು ಕೇಳುವ ಮೊದಲೇ ಆಂಟಿಬಯಾಟಿಕ್ ಮಾತ್ರೆ ಕತ್ತರಿಸಿ ಕೊಡುತ್ತಾನೆ. ಯಾರ ಮಾತು ಕೇಳುವುದು? ನಾವು ವೈದ್ಯರಲ್ಲ, ಬಿ.ಎ. ಮುಗಿಸಿ ಸರಕಾರಿ ಕಚೇರಿಯಲ್ಲಿ ಕಡತ ಸಾಗಿಸುವವರು. ಆದರೂ ಓದಿ ತಿಳಿದದ್ದನ್ನು ವಾಚಕರ ಮುಂದಿಡುತ್ತೇವೆ.

ಬಾಯಿ ಅಗಲಿಸಿದರೆ ಕಿರುನಾಲಗೆಯ ಎರಡು ಪಕ್ಕಗಳಲ್ಲಿ ಕಾಣುವ ಗಡ್ಡೆಗಳೇ ಟಾನ್ಸಿಲುಗಳು. ಮೂಗಿನ ಹಿಂದಿರುವ ಅಡಿನಾಯ್ಡ್, ನಾಲಗೆಯ ಬುಡದ ಗಡ್ಡೆ ಎಲ್ಲ ಸೇರಿ ಗಂಟಲಿಗೆ ಬಳೆ ತೊಡಿಸಿದಂತಿವೆ. ಜರ್ಮನಿಯ ವಾಲ್ಡೆಯರ್ ಎಂಬ ವಿದ್ವಾಂಸರು ೧೮೮೪ರಲ್ಲಿ ಇದನ್ನು ವರ್ಣಿಸಿದ್ದರಿಂದ ಆ ಬಳೆಗೆ ಅವರ ಹೆಸರೇ ನಿಂತಿದೆ. ನಮ್ಮ ಕಚೇರಿಯ ಮಾತಿನಲ್ಲಿ ಹೇಳುವುದಾದರೆ ಇದು ದೇಹದ ಆವಕ ವಿಭಾಗ. ಉಸಿರು, ಅನ್ನ, ನೀರಿನೊಡನೆ ಬಂದ ರೋಗಾಣುಗಳು ಟಾನ್ಸಿಲಿನ ಮೇಲಣ ಸಣ್ಣ ಕುಳಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲಿನ ಬಿಳಿಯ ರಕ್ತಕಣಗಳು ಅವುಗಳ ಚಹರೆ ಗುರುತಿಸಿ, ತಕ್ಕ ಪ್ರತಿಕಾಯಗಳನ್ನು ತಯಾರಿಸುತ್ತವೆ. ಮುಂದಿನ ಸಲಕ್ಕೆಂದು ಗುರುತನ್ನು ಕಡತದಲ್ಲಿಯೂ ಇಡುತ್ತವೆ. ಚಿಕ್ಕ ಮಕ್ಕಳಿಗೆ ಬರುವ ಟಪಾಲೆಲ್ಲ ಹೊಸದು. ಕೆಲಸ ಹೆಚ್ಚು, ಆದ್ದರಿಂದ ಗಡ್ಡೆಯೂ ದಪ್ಪ. ಬೆಳೆದಂತೆ ಅದು ತಾನಾಗಿ ಕುಗ್ಗುತ್ತದೆ. ಬರಿಯ ದಪ್ಪ ರೋಗವಲ್ಲ.

ಮಕ್ಕಳ ಗಂಟಲುನೋವಿನಲ್ಲಿ ಹೆಚ್ಚಿನ ಪಾಲು ವೈರಸ್ಸಿನದು. ಅವುಗಳಲ್ಲಿ ಅಡಿನೋವೈರಸ್ಸಿಗೆ ಆ ಹೆಸರು ಬಂದದ್ದೇ ಅಡಿನಾಯ್ಡಿನಿಂದ. ೧೯೫೩ರಲ್ಲಿ ಅಮೆರಿಕದ ವಾಲೇಸ್ ರೋ ಮತ್ತು ಸಂಗಡಿಗರು ಅದನ್ನು ಕಂಡದ್ದು ಮಕ್ಕಳಿಂದ ಕತ್ತರಿಸಿ ತೆಗೆದ ಅಡಿನಾಯ್ಡಿನಲ್ಲಿ. ವೈರಸ್ಸಿನ ಮೇಲೆ ಆಂಟಿಬಯಾಟಿಕ್ ನಡೆಯುವುದಿಲ್ಲ. ಮೂಗು ಸೋರಿ, ಕೆಮ್ಮು ಬಂದು, ದನಿ ಒಡೆದಿದ್ದರೆ ಬಹುಮಟ್ಟಿಗೆ ಅದು ವೈರಸ್ಸೇ. ವಿಶ್ರಾಂತಿ, ಬಿಸಿನೀರು, ಅಜ್ಜಿಯ ಹಾಲು, ಒಂದು ವಾರದ ತಾಳ್ಮೆ: ಸಾಮಾನ್ಯವಾಗಿ ಇಷ್ಟೇ ಸಾಕು.

ಆದರೆ ಒಂದು ಟಪಾಲನ್ನು ಮಾತ್ರ ಉಪೇಕ್ಷಿಸುವಂತಿಲ್ಲ. ಅದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯ. ಥಟ್ಟನೆ ಜ್ವರವೇರಿ, ಕೆಮ್ಮಿಲ್ಲದೆ, ಟಾನ್ಸಿಲಿನ ಮೇಲೆ ಬಿಳಿಯ ಕೀವು ಕಂಡು, ಕುತ್ತಿಗೆಯ ಗಂಟುಗಳು ಮುಟ್ಟಿದರೆ ನೋಯುತ್ತಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು. ಗಂಟಲಿನ ದ್ರವವನ್ನು ಪರೀಕ್ಷಿಸಿದರೆ ಗೊತ್ತಾಗುತ್ತದೆ. ಇದಕ್ಕೆ ಪೆನಿಸಿಲಿನ್ ಜಾತಿಯ ಮದ್ದು ಬೇಕು. ವೈದ್ಯರು ೧೦ ದಿನ ಎಂದರೆ ೧೦ ದಿನವೂ ಕೊಡಬೇಕು. ಮೂರನೆಯ ದಿನ ಜ್ವರ ಇಳಿಯಿತೆಂದು ನಿಲ್ಲಿಸಬಾರದು. ಏಕೆಂದರೆ ಈ ಬ್ಯಾಕ್ಟೀರಿಯದ ಚಹರೆಗೂ ನಮ್ಮ ಹೃದಯದ ಅಂಗಾಂಶಕ್ಕೂ ಹೋಲಿಕೆಯುಂಟು. ಅದರ ಮೇಲೆ ಹೊರಟ ಪ್ರತಿಕಾಯಗಳು ಕೆಲವು ಮಕ್ಕಳಲ್ಲಿ ಹೃದಯದ ಕವಾಟಗಳನ್ನೇ ಶತ್ರುವೆಂದು ಹೊಡೆಯುತ್ತವೆ. ಇದೇ ರುಮಾಟಿಕ್ ಜ್ವರ. ನಮ್ಮ ದೇಶವನ್ನು ಇದು ಇನ್ನೂ ಬಿಟ್ಟು ಹೋಗಿಲ್ಲ.

ಇನ್ನು ಕಾಕೂ ಅವರ ಸಲಹೆ. ನ್ಯೂಯಾರ್ಕಿನಲ್ಲಿ ೧೧ ವರ್ಷದ ೧,೦೦೦ ಮಕ್ಕಳನ್ನು ಪರೀಕ್ಷಿಸಿದ ಒಂದು ವರದಿ ೧೯೩೪ರಲ್ಲಿ ಹೊರಬಂತು. ೬೧೧ ಮಕ್ಕಳ ಟಾನ್ಸಿಲ್ ಆಗಲೇ ಹೋಗಿತ್ತು. ಉಳಿದ ೩೮೯ ಮಕ್ಕಳಲ್ಲಿ ೧೭೪ ಮಂದಿಗೆ ವೈದ್ಯರು ಕತ್ತರಿ ಶಿಫಾರಸು ಮಾಡಿದರು. ಬೇಡವೆಂದು ಬಿಟ್ಟ ೨೧೫ ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದರೆ ಅವರು ೯೯ ಮಂದಿಯನ್ನು ಆರಿಸಿದರು! ಮೂರನೆಯ ತಂಡ ಮತ್ತೆ ೫೧ ಮಂದಿಯನ್ನು ಆರಿಸಿತು. ಕೊನೆಗೆ ‘ಬೇಡ’ ಎನ್ನಿಸಿಕೊಂಡು ಉಳಿದವರು ೬೫. ಗಡ್ಡೆಗಿಂತ ರೂಢಿಯೇ ತೀರ್ಪು ಕೊಡುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ವೈದ್ಯರಿಗೆ ಅಳತೆಗೋಲುಂಟು: ವರ್ಷಕ್ಕೆ ೭ ಸಲ, ಇಲ್ಲವೆ ೨ ವರ್ಷ ಕಾಲ ವರ್ಷಕ್ಕೆ ೫ ಸಲ, ಇಲ್ಲವೆ ೩ ವರ್ಷ ಕಾಲ ವರ್ಷಕ್ಕೆ ೩ ಸಲ ಜೋರಾಗಿ ಬಂದಿದ್ದರೆ ಶಸ್ತ್ರಚಿಕಿತ್ಸೆಯ ವಿಚಾರ. ಮಗು ನಿದ್ರೆಯಲ್ಲಿ ಗೊರಕೆ ಹೊಡೆದು ಉಸಿರು ಕಟ್ಟುತ್ತಿದ್ದರೆ ಈ ಲೆಕ್ಕಕ್ಕೆ ಕಾಯದೆ ತೋರಿಸಬೇಕು.

ಆದ್ದರಿಂದ ತಾಯಂದಿರೂ ತಂದೆಗಳೂ ಒಂದು ನೋಟುಬುಕ್ಕು ಇಡಲಿ. ಗಂಟಲು ಕಟ್ಟಿದ ತಾರೀಖು, ಜ್ವರ ಎಷ್ಟು, ಕೀವು ಇತ್ತೆ, ಕೆಮ್ಮು ಇತ್ತೆ, ಕೊಟ್ಟ ಮದ್ದೇನು, ಇಷ್ಟು ಬರೆದರೆ ಸಾಕು. ಕತ್ತರಿಯ ಮಾತು ಬಂದ ದಿನ ವೈದ್ಯರ ಮೇಜಿನ ಮೇಲೆ ಅದನ್ನು ಇಡಿ. ನೆನಪಿನಿಂದ ಹೇಳುವ ‘ಯಾವಾಗಲೂ ಬರುತ್ತದೆ’ ಎಂಬ ಮಾತಿಗಿಂತ ಅದಕ್ಕೆ ಬೆಲೆ ಹೆಚ್ಚು.