ಉಡುಗೊರೆಗೆ ಬೆಲೆಚೀಟಿ ಬೇಡ



ಡಿಸೆಂಬರ್ ಬಂತೆಂದರೆ ನಮ್ಮ ಯುವ ಸಂಘದಲ್ಲಿ ಚೀಟಿ ಎತ್ತುವ ಗಲಾಟೆ. ಚೀಟಿಯಲ್ಲಿ ಯಾರ ಹೆಸರು ಬಂತೋ ಅವರು ನಮ್ಮ ‘ಕ್ರಿಸ್‌ಮಸ್ ಫ್ರೆಂಡ್’. ಹಬ್ಬದ ಹಿಂದಿನ ಭಾನುವಾರದವರೆಗೆ ಗುಟ್ಟು ಬಿಡದೆ, ಅಂದು ಉಡುಗೊರೆ ಕೊಡುವುದು ಕ್ರಮ. ಈ ಆಟ ನಮಗೆಲ್ಲ ಇಷ್ಟ. ಆದರೆ ಕೆಲವು ವರ್ಷಗಳಿಂದ ಅದಕ್ಕೊಂದು ನಿಯಮ ಅಂಟಿಕೊಂಡಿದೆ: ಉಡುಗೊರೆ 200 ರೂಪಾಯಿಗೆ ಕಡಿಮೆ ಇರಬಾರದು. ಆ ನಿಯಮ ಮಾಡಿದವರು ನಾವೇ. ಅದು ತಪ್ಪು, ಅದನ್ನು ಕಿತ್ತು ಹಾಕಬೇಕು ಎಂದು ಇಂದು ಬರೆಯುತ್ತಿರುವವರೂ ನಾವೇ.

ಉದ್ದೇಶವೇನೋ ಒಳ್ಳೆಯದಿತ್ತು. ಒಬ್ಬರಿಗೆ ದೊಡ್ಡದು, ಒಬ್ಬರಿಗೆ ಚಿಕ್ಕದು ಸಿಕ್ಕಿ ಯಾರಿಗೂ ಬೇಸರ ಆಗಬಾರದು ಎಂದುಕೊಂಡೆವು. ಆದದ್ದೇನು? ಕಳೆದ ವರ್ಷ ಚೀಟಿ ಎತ್ತಿದ ಮರುವಾರದಿಂದ ನಮ್ಮಲ್ಲೊಬ್ಬ ಸಂಘಕ್ಕೆ ಬರುವುದನ್ನೇ ಬಿಟ್ಟ. ಕೇಳಿದರೆ ಹುಷಾರಿಲ್ಲ ಎಂದ. ಹಬ್ಬ ಕಳೆದ ಮೇಲೆ ಗೊತ್ತಾಯಿತು. ಅವರ ಮನೆಯಿಂದ ಅಣ್ಣ ತಮ್ಮ ತಂಗಿ ಮೂವರೂ ಸಂಘದಲ್ಲಿದ್ದಾರೆ. ಮೂವರಿಗೆ 600 ರೂಪಾಯಿ. ಅಡಿಕೆ ಸುಲಿಯುವ ಕೂಲಿಯಲ್ಲಿ ನಡೆಯುವ ಮನೆಯಲ್ಲಿ, ಹಬ್ಬದ ಬಟ್ಟೆಯೂ ಆಗಬೇಕಾದ ವಾರದಲ್ಲಿ, ಅದನ್ನು ಅಪ್ಪನ ಹತ್ತಿರ ಕೇಳಲು ಅವನಿಗೆ ಬಾಯಿ ಬರಲಿಲ್ಲ. ಚರ್ಚಿನ ಗೋದಲಿಗೆ ಪ್ರತಿ ವರ್ಷ ಬೈಹುಲ್ಲಿನ ಮಾಡು ಹೊದೆಸುವವನು ಅವನೇ. ಅಷ್ಟು ಕೆಲಸ ಬಲ್ಲ ಕೈ ‘ಖಾಲಿ ಕೈ’ ಎಂದು ನಾಚಿಕೊಂಡು ಮನೆಯಲ್ಲಿ ಕುಳಿತಿತು. ಈ ನಾಚಿಕೆ ಅವನದಲ್ಲ, ನಮ್ಮದು.

ಇನ್ನು ಆ 200 ರೂಪಾಯಿಗೆ ಬಂದದ್ದೇನು ನೋಡೋಣ. ಕಾಫಿ ಮಗ್ಗು, ಫೋಟೋ ಫ್ರೇಮು, ಟೆಡ್ಡಿ, ಮತ್ತೆ ಕಾಫಿ ಮಗ್ಗು. ನಮ್ಮಲ್ಲೊಬ್ಬಳಿಗೆ ಎರಡು ವರ್ಷದ ಹಿಂದೆ ತಾನೇ ಕೊಟ್ಟ ಮಗ್ಗು ಅದೇ ರಿಬ್ಬನ್ ಸಮೇತ ವಾಪಸು ಬಂತು. ಎಲ್ಲರೂ ನಕ್ಕೆವು. ಆದರೆ ಅದರಲ್ಲಿ ನಗುವಂಥದ್ದು ಏನಿತ್ತು? ಆ ಮಗ್ಗು ಮೂರು ಮನೆ ಸುತ್ತಿ ಬಂದರೂ ಯಾರದೂ ಆಗಿರಲಿಲ್ಲ.

ನಮ್ಮ ತಕರಾರು ಇಷ್ಟೇ: ಕೊಳ್ಳುವುದಕ್ಕೆ ಗೆಳೆಯನನ್ನು ತಿಳಿಯಬೇಕಾಗಿಲ್ಲ. ಮಾಡುವುದಕ್ಕೆ ತಿಳಿಯಲೇಬೇಕು. ಯಕ್ಷಗಾನದ ಹುಚ್ಚಿನ ಗೆಳೆಯನಿಗೆ ಅಡಿಕೆ ಹಾಳೆಯ ಕಿರೀಟ, ಫುಟ್‌ಬಾಲ್ ಹುಚ್ಚಿನವಳಿಗೆ ಚಪ್ಪಲಿ ಡಬ್ಬಿಯಲ್ಲಿ ಮೇಜಿನ ಮೇಲೆ ಆಡುವ ಪುಟ್ಟ ಮೈದಾನ. ಇದನ್ನು ಮಾಡಬೇಕಾದರೆ ಆ ವ್ಯಕ್ತಿಯ ಬಗ್ಗೆ ಒಂದು ಸಂಜೆಯಾದರೂ ಯೋಚಿಸಬೇಕು. ಆ ಸಂಜೆಯೇ ಉಡುಗೊರೆ.

ಸಾಮಾನಿಗೆ ಎಲ್ಲಿಗೂ ಹೋಗಬೇಕಾಗಿಲ್ಲ. ಕಾಸರಗೋಡಿನ ತೋಟಗಳಲ್ಲಿ ಕಾಲಿಗೆ ಎಡವುವುದೇ ಹಾಳೆ. ಅರ್ಧ ಗಂಟೆ ನೀರಲ್ಲಿ ನೆನೆಸಿದರೆ ಮೆದುವಾಗುತ್ತದೆ, ಚಪ್ಪಟೆ ಕಲ್ಲಿನಡಿ ಇಟ್ಟು ಒಣಗಿಸಿದರೆ ಸಪಾಟಾಗಿ ನಿಲ್ಲುತ್ತದೆ. ಕೈಕಾಲು ಬೇರೆ ಬೇರೆ ಕತ್ತರಿಸಿ ನೂಲಿನಲ್ಲಿ ಜೋಡಿಸಿದರೆ, ಎಳೆದಾಗ ಕುಣಿಯುವ ಗೊಂಬೆ. ಗೆರಟೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ತಲೆ ಕಾಲು ಅಂಟಿಸಿದರೆ ಆಮೆ. ಹೊಲಿಗೆಯವರ ಅಂಗಡಿಯ ತುಂಡು ಬಟ್ಟೆಯಿಂದ ಕೈಗೆ ಹಾಕಿ ಆಡಿಸುವ ಬೊಂಬೆ. ತೆಂಗಿನ ಗರಿಯ ಪೀಪಿಯನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಗರಿಗಳ ಭಾನುವಾರ ಬಲಿಪೂಜೆಯ ನಡುವೆ ಶಿಲುಬೆ ಮಡಚುವ ಬೆರಳುಗಳು ನಮ್ಮವೇ ಅಲ್ಲವೇ?

ಇನ್ನೊಂದು ಮಾತು, ಇದು ಗಡಿಯ ಕನ್ನಡದವರಾದ ನಮಗೆ ಮುಖ್ಯ. ನಮ್ಮ ಪೇಟೆಯ ಅಂಗಡಿಗಳಲ್ಲಿ ಶುಭಾಶಯ ಪತ್ರ ಸಿಗುವುದು ಇಂಗ್ಲಿಷಿನಲ್ಲಿ, ಒಮ್ಮೊಮ್ಮೆ ಮಲಯಾಳದಲ್ಲಿ. ಕನ್ನಡದ್ದು ಕೇಳಿದರೆ ಅಂಗಡಿಯವರು ನಮ್ಮ ಮುಖ ನೋಡುತ್ತಾರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ನಮ್ಮ ಎಷ್ಟೋ ಅಜ್ಜಿಯರಿಗೆ ಓದಲು ಬರುವುದು ಕನ್ನಡ ಮಾತ್ರ. ಅವರಿಗೆ ಓದಲು ಬರುವ ಕಾರ್ಡು ಯಾವ ಅಂಗಡಿಯಲ್ಲೂ ಇಲ್ಲ. ಅದನ್ನು ನಾವೇ ಬರೆಯಬೇಕು. ಒತ್ತಕ್ಷರ ತಪ್ಪಿದರೂ ಅಜ್ಜಿ ಅದನ್ನು ಪ್ರಾರ್ಥನೆ ಪುಸ್ತಕದೊಳಗೆ ಇಟ್ಟುಕೊಳ್ಳುತ್ತಾರೆ.

ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ಯೊಪ್ಪ ಊರಿನ ತಬಿಥಾ ಎಂಬವಳ ಕಥೆ ಇದೆ. ಅವಳು ಸತ್ತಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಅವಳು ತನ್ನ ಕೈಯಾರೆ ಮಾಡಿಕೊಟ್ಟ ಬಟ್ಟೆಗಳನ್ನು. ಅವುಗಳಿಗೆ ಎಷ್ಟು ಬೆಲೆ ಎಂದು ಅಲ್ಲಿ ಯಾರೂ ಬರೆದಿಟ್ಟಿಲ್ಲ.

ಆಕ್ಷೇಪಣೆಗಳು ನಮಗೆ ಗೊತ್ತಿವೆ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಪರೀಕ್ಷೆ, ಸಮಯವೆಲ್ಲಿ ಎನ್ನುತ್ತಾರೆ. ಸರಿ, ಹಾಗಾದರೆ ಚೀಟಿಯನ್ನು ನವೆಂಬರ್ ಮೊದಲ ಭಾನುವಾರವೇ ಎತ್ತೋಣ. ಕೈಯಲ್ಲಿ ಮಾಡಿದ್ದು ಓರೆಕೋರೆ ಆಗುತ್ತದೆ ಎನ್ನುತ್ತಾರೆ. ಆಗಲಿ. ಒಂದು ಕಿವಿ ದೊಡ್ಡದಾದ ಆನೆಯನ್ನು ನೋಡಿ ನಗುವುದಕ್ಕೇ ಅಲ್ಲವೇ ಆಟಿಕೆ ಇರುವುದು? ಇದು ಜಿಪುಣತನಕ್ಕೆ ನೆಪ ಎನ್ನುವವರೂ ಇದ್ದಾರೆ. ಅವರು ಒಂದು ಗೆರಟೆಯನ್ನು ನುಣ್ಣಗಾಗುವವರೆಗೆ ಉಜ್ಜಿ ನೋಡಲಿ, ಆಮೇಲೆ ಮಾತಾಡೋಣ.

ಆದರೆ ಒಂದು ಎಚ್ಚರಿಕೆ ನಮಗೇ ಬೇಕು. ವೀಡಿಯೋ ನೋಡಿ 300 ರೂಪಾಯಿಯ ಮಿನುಗು, ಅಂಟು, ಥರ್ಮಾಕೋಲು ತಂದು ‘ಕೈಕೆಲಸ’ ಎಂದರೆ ಬೆಲೆಚೀಟಿ ಹಿಂಬಾಗಿಲಿನಿಂದ ಒಳಗೆ ಬಂದಂತೆ. ಅಲಂಕಾರದ ಥರ್ಮಾಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದ್ದಾರೆ ಕೂಡ. ಅಂಟಿಗೆ ಒಂದು ಹಿಡಿ ಮೈದಾ ಕುದಿಸಿದರೆ ಸಾಕು.

ಕೊಳ್ಳುವುದೇ ಪಾಪ ಎಂದು ನಾವು ಹೇಳುತ್ತಿಲ್ಲ. ಯಾರಿಗಾದರೂ ಕನ್ನಡಕ ಬೇಕು, ಶಾಲೆಯ ಚೀಲ ಬೇಕು ಎಂದಾದರೆ ಸಂಘ ಒಟ್ಟಾಗಿ, ಸದ್ದಿಲ್ಲದೆ ಕೊಡಿಸಲಿ. ಅದು ಬೇರೆ ವಿಷಯ. ಚೀಟಿಯ ಆಟದೊಳಗೆ ಮಾತ್ರ ದುಡ್ಡು ಬೇಡ.

ಮುಂದಿನ ಸಭೆಯಲ್ಲಿ ನಾವು ಇಡುವ ಬೇಡಿಕೆ ಹೀಗಿದೆ. 200 ರೂಪಾಯಿಯ ನಿಯಮ ರದ್ದಾಗಬೇಕು. ಉಡುಗೊರೆ ಕೈಯಲ್ಲೇ ಮಾಡಿದ್ದಾಗಿರಬೇಕು. ಜೊತೆಗೆ ಕನ್ನಡದಲ್ಲಿ ಎರಡು ಸಾಲು ಇರಬೇಕು. ಮಾಡಲು ಬಾರದವರಿಗಾಗಿ ಎರಡು ಶನಿವಾರ ಸಂಜೆ ಚರ್ಚಿನ ಜಗಲಿಯಲ್ಲಿ ಒಟ್ಟಿಗೆ ಕುಳಿತು ಕಲಿಯೋಣ. ಕಲಿಸುವವನು ಯಾರು ಎಂದು ಕೇಳುತ್ತೀರಾ? ಗೋದಲಿಗೆ ಮಾಡು ಹೊದೆಸುವ ನಮ್ಮ ಗೆಳೆಯನನ್ನು ಕೇಳಲು ನಾವು ಕಳೆದ ವಾರ ಅವನ ಮನೆಗೆ ಹೋಗಿದ್ದೆವು. ಮೊದಲು ಕ್ಷಮೆ ಕೇಳಿದೆವು. ಅವನು ಬರುತ್ತೇನೆ ಎಂದಿದ್ದಾನೆ. ನೀವೂ ಬನ್ನಿ, ಬರುವಾಗ ಒಂದು ಹಾಳೆ ಹೆಕ್ಕಿಕೊಂಡು ಬನ್ನಿ.