ಈರುಳ್ಳಿಯ ಮತ, ತಂಗಿಯ ಮತ

2024ರ ಜೂನ್‌ನಲ್ಲಿ ಲೋಕಸಭಾ ಚುನಾವಣೆಯ ಫಲಿತಾಂಶ ಬಂದಾಗ ನಾಶಿಕ್ ಜಿಲ್ಲೆಯ ದಿಂಡೋರಿಯಲ್ಲಿ ಕೇಂದ್ರ ಸಚಿವೆ ಭಾರತಿ ಪವಾರ್ ಸೋತಿದ್ದರು. ಕಾರಣಕ್ಕಾಗಿ ಯಾರೂ ತಡಕಾಡಲಿಲ್ಲ. ಹಿಂದಿನ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತನ್ನು ನಿಷೇಧಿಸಿತ್ತು, ಲಾಸಲಗಾಂವ್ ಮಾರುಕಟ್ಟೆಯಲ್ಲಿ ದರ ಕುಸಿದಿತ್ತು, ರೈತ ಸಿಟ್ಟಾಗಿದ್ದ. ಅದು ರೈತನ ತೀರ್ಪು ಎಂದರು ಎಲ್ಲರೂ.

ನವೆಂಬರ್ 20ರಂದು ವಿಧಾನಸಭೆಗೆ ಮತದಾನವಾಯಿತು. ಅದೇ ನಾಶಿಕ್ ಜಿಲ್ಲೆಯ 15 ಕ್ಷೇತ್ರಗಳಲ್ಲಿ 14 ಆಡಳಿತಾರೂಢ ಮಹಾಯುತಿಗೆ ಹೋದವು. ಪಕ್ಕದ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ ಒಂಬತ್ತಕ್ಕೆ ಒಂಬತ್ತೂ. ಈ ಸಲದ ಕಾರಣ ‘ಲಾಡಕೀ ಬಹೀಣ್’, ಅಂದರೆ ಮುದ್ದಿನ ತಂಗಿ ಯೋಜನೆ. ವರ್ಷಕ್ಕೆ ಎರಡೂವರೆ ಲಕ್ಷದೊಳಗೆ ಆದಾಯವಿರುವ ಮನೆಗಳ ಹೆಂಗಸರ ಖಾತೆಗೆ ತಿಂಗಳಿಗೆ 1,500 ರೂಪಾಯಿ. ಆದರೆ ಈಗ ತೀರ್ಪು ಎಂಬ ಮಾತು ಕೇಳಲಿಲ್ಲ. ಹೆಂಗಸರು ಮತ ಮಾರಿಕೊಂಡರು ಎಂದಾಯಿತು.

ಈರುಳ್ಳಿಯ ದರವೂ ದುಡ್ಡೇ ಅಲ್ಲವೇ? ಕ್ವಿಂಟಲಿಗೆ ಇಷ್ಟು ಸಿಗಲಿಲ್ಲವೆಂದು ಸರ್ಕಾರದ ವಿರುದ್ಧ ಮತ ಹಾಕಿದರೆ ಅದು ರಾಜಕೀಯ ಪ್ರಜ್ಞೆ. ತಿಂಗಳಿಗೆ ಇಷ್ಟು ಬಂತೆಂದು ಪರವಾಗಿ ಹಾಕಿದರೆ ಅದು ಆಮಿಷ. ಆ ಈರುಳ್ಳಿಯ ಸಸಿ ನಾಟಿ ಮಾಡುವವರು, ಕಳೆ ಕೀಳುವವರು, ಗಡ್ಡೆ ವಿಂಗಡಿಸುವವರು ಬಹುಪಾಲು ಹೆಂಗಸರು. ಮಾರಿದ ಹಣ ಮಾತ್ರ ಜಮೀನು ಯಾರ ಹೆಸರಲ್ಲಿದೆಯೋ ಅವರ ಕೈಗೆ. ಅಲ್ಲಿನ ‘ಸಾತ್‌ಬಾರಾ’, ನಮ್ಮ ಪಹಣಿಯಂಥದ್ದು, ಅದರಲ್ಲಿ ಹೆಂಡತಿಯ ಹೆಸರು ಅಪರೂಪ. ಇದೇ ನಾಶಿಕ್ ಜಿಲ್ಲೆಯ ಚಾಂದವಡದಲ್ಲಿ 1986ರ ನವೆಂಬರ್‌ನಲ್ಲಿ ಶರದ್ ಜೋಶಿಯವರ ಶೇತಕರಿ ಸಂಘಟನೆ ರೈತ ಹೆಂಗಸರ ಭಾರೀ ಸಮಾವೇಶ ನಡೆಸಿತ್ತು. ಆಮೇಲೆ ‘ಲಕ್ಷ್ಮೀ ಮುಕ್ತಿ’ ಎಂದು ಹೆಂಡತಿಯ ಹೆಸರಿಗೆ ಭೂಮಿ ಬರೆದುಕೊಡುವ ಆಂದೋಲನವನ್ನೂ ಮಾಡಿತು. ಆ ಕೆಲಸ ಅರ್ಧಕ್ಕೇ ನಿಂತಿದೆ. ಹೀಗಿರುವಾಗ ತನ್ನದೇ ಹೆಸರಿನ ಖಾತೆಗೆ ಬಂದ 1,500 ರೂಪಾಯಿಯನ್ನು ಅವಳು ಗಂಡ ನೋಡಿದಂತೆಯೇ ನೋಡಬೇಕೆಂದರೆ ಹೇಗೆ?

ಹೆಂಗಸರು ಯಾರಿಗೆ ಹಾಕಿದರೆಂದು ಮತಯಂತ್ರ ಹೇಳುವುದಿಲ್ಲ. ಎಷ್ಟು ಮಂದಿ ಬಂದರು ಎಂಬ ಲೆಕ್ಕವಷ್ಟೇ ಇದೆ: ರಾಜ್ಯದಲ್ಲಿ ಮಹಿಳಾ ಮತದಾನ 2019ರಲ್ಲಿ ಶೇ 59ರಷ್ಟಿದ್ದದ್ದು ಶೇ 65ಕ್ಕೆ ಏರಿ, ಗಂಡಸರಿಗಿಂತ ಒಂದೂವರೆ ಅಂಶದಷ್ಟೇ ಹಿಂದೆ ಉಳಿಯಿತು. ಉಳಿದದ್ದು ಊಹೆ, ಸಮೀಕ್ಷೆ. ಅದೇ ನವೆಂಬರ್‌ನಲ್ಲಿ ಅಮೆರಿಕದ ಲ್ಯಾಟಿನೋ ಗಂಡಸರು ಅವರ ಹೆಂಗಸರಿಗಿಂತ ಹೆಚ್ಚಾಗಿ ಟ್ರಂಪ್ ಕಡೆ ವಾಲಿದಾಗ, ಅಲ್ಲಿ ಉದ್ಯೋಗ, ಬೆಲೆಯೇರಿಕೆ, ಗಂಡಸುತನದ ಕಲ್ಪನೆ ಎಂದೆಲ್ಲ ಚರ್ಚೆಯಾಯಿತು. ಮತದಾರನಿಗೂ ಒಂದು ತಲೆಯಿದೆ ಎಂದು ಒಪ್ಪಿಕೊಂಡ ಚರ್ಚೆ ಅದು.

ಮಾರಾಟವೇ ಆಗಿದ್ದರೆ ಜಾಸ್ತಿ ಕೂಗಿದವರಿಗೆ ಸಿಗಬೇಕಿತ್ತು. ಮಹಾಯುತಿ 2,100ಕ್ಕೆ ಏರಿಸುತ್ತೇವೆ ಎಂದರೆ ಮಹಾ ವಿಕಾಸ ಆಘಾಡಿ 3,000 ಎಂದಿತ್ತು; ಆದರೂ ಸೋತಿತು. ಕರ್ನಾಟಕದಲ್ಲಿ 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದ್ದರೂ ಮರುವರ್ಷ ಲೋಕಸಭೆಯ 28 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ದಕ್ಕಿದ್ದು ಒಂಬತ್ತು. ಹಣ ಕೊಟ್ಟವರಿಗೆಲ್ಲ ಮತ ಬೀಳುವುದಿಲ್ಲ. ಚುನಾವಣೆ ಹತ್ತಿರವಾದಾಗ ಅಕ್ಟೋಬರ್, ನವೆಂಬರ್ ಕಂತುಗಳನ್ನು ಮುಂಗಡವಾಗಿ ಹಾಕಿದ್ದು ತಪ್ಪೆನ್ನುವವರ ವಾದದಲ್ಲಿ ಹುರುಳಿದೆ. ಆದರೆ ಅದು ಖಜಾನೆಯ ಕೀಲಿ ಹಿಡಿದವರನ್ನು ಕೇಳಬೇಕಾದ ಪ್ರಶ್ನೆ.

ಸಂಭಾಜಿನಗರ ಜಿಲ್ಲೆಯಲ್ಲೊಂದು ತಾಲ್ಲೂಕಿದೆ, ಹೆಸರು ಕನ್ನಡ (ನಮ್ಮ ಭಾಷೆಗೂ ಅದಕ್ಕೂ ನಂಟು ಹುಡುಕುವ ಉತ್ಸಾಹಿಗಳಿಗೆ ಕೊರತೆಯಿಲ್ಲ). ಅಲ್ಲಿ ಶಿವಸೇನೆಯ ಸಂಜನಾ ಜಾಧವ್ ಗೆದ್ದರು. ಸೋತವರಲ್ಲಿ ಅವರಿಂದ ದೂರವಾಗಿದ್ದ ಪತಿ, ಅದೇ ಕ್ಷೇತ್ರದ ಮಾಜಿ ಶಾಸಕ ಹರ್ಷವರ್ಧನ್ ಜಾಧವ್ ಇದ್ದರು. ಇಂಥ ಗೆಲುವುಗಳು ವಿರಳ: 288 ಜನರ ಸದನಕ್ಕೆ ಬಂದ ಹೆಂಗಸರು 21. ‘ತಂಗಿಯರ ಅಲೆ’ ಟಿಕೆಟ್ ಪಟ್ಟಿಯ ತನಕ ತಲುಪಲಿಲ್ಲ. ಗೆದ್ದ ಮೇಲೆ 2,100ರ ಮಾತೂ ಮುಂದಕ್ಕೆ ಹೋಯಿತು. ಬದಲಿಗೆ ಅರ್ಹತೆಯ ಮರುಪರಿಶೀಲನೆ ಬಂತು, 2025ರಲ್ಲಿ ಇ-ಕೆವೈಸಿ ಕಡ್ಡಾಯವಾಯಿತು.