ಎಸ್ಟಿಮೇಟಿಗೆ ಇನ್ನೊಂದು ಕಾಲಂ

ನಮ್ಮ ಸಿವಿಲ್ ಲ್ಯಾಬ್ ಹಿಂದೆ ಒಂದು ಗುಡ್ಡ ಇದೆ, ನೋಡಿದ್ದೀರಾ? ಸಂಡೂರಿನ ಗುಡ್ಡ ಅಲ್ಲ, ನಾವೇ ಎಬ್ಬಿಸಿದ್ದು. 28 ದಿನ ನೀರಲ್ಲಿಟ್ಟು, ಮಷಿನ್‌ಗೆ ಕೊಟ್ಟು ಒಡೆದ ಕಾಂಕ್ರೀಟ್ ಕ್ಯೂಬ್‌ಗಳು. ಒಂದೊಂದೂ ಎಂಟು ಕೆ.ಜಿ. ಮೇಲೆ. ರೀಡಿಂಗ್ ಬರೆದುಕೊಂಡ ಮೇಲೆ ಇವು ಏನಾಗ್ತವೆ ಅಂತ ನಾಲ್ಕು ವರ್ಷದಲ್ಲಿ ಯಾರೂ ಕೇಳಿದ್ದು ನಾನು ನೋಡಿಲ್ಲ. ನಾನೂ ಕೇಳಲಿಲ್ಲ. ಅದೇ ಲ್ಯಾಬಿನ ಗೋಡೆ ಮೇಲೆ ಪರಿಸರ ದಿನದ ಪೋಸ್ಟರ್ ಮಾತ್ರ ಹಾಗೇ ಇದೆ.

ಹಾಗಾಗಿ 'ವಿದ್ಯಾರ್ಥಿಗಳಲ್ಲಿ ಜಾಗೃತಿ ಇಲ್ಲ' ಅನ್ನೋ ಮಾತನ್ನ ನಾನು ಒಪ್ಪಲ್ಲ. ಜಾಗೃತಿ ಬೇಕಾದಷ್ಟಿದೆ. ಸುಸ್ಥಿರತೆ ಅಂದ್ರೇನು ಅಂತ ಕೇಳಿದ್ರೆ ನಿದ್ದೆಗಣ್ಣಲ್ಲೂ ಹೇಳ್ತೀವಿ. ಅದು ಎಸ್ಟಿಮೇಟ್ ಹಾಳೆಗೆ ಇಳಿಯಲ್ಲ, ಅಷ್ಟೇ. ಅಲ್ಲಿ ಪರಿಮಾಣ, ದರ, ಮೊತ್ತ ಇರುತ್ತೆ. ಈ ಸಾಮಾನು ಎಲ್ಲಿಂದ ಬಂತು, ಒಡೆದ ಮೇಲೆ ಎಲ್ಲಿಗೆ ಹೋಗುತ್ತೆ ಅನ್ನೋಕೆ ಕಾಲಂ ಇಲ್ಲ.

ಹೊಸಪೇಟೆ ಸುತ್ತಮುತ್ತ ಓದೋರಿಗೆ ಆ ಕಾಲಂ ತುಂಬೋದು ಕಷ್ಟವಲ್ಲ. ನಮ್ಮ ಡ್ಯಾಮನ್ನೇ ನೋಡಿ. 1953ರಲ್ಲಿ ಮುಗಿದ ಆ ಕಲ್ಲಿನ ಗೋಡೆಯನ್ನು ಹಿಡಿದಿಟ್ಟಿರೋದು ಸುರ್ಕಿ ಗಾರೆ. ಸುರ್ಕಿ ಅಂದ್ರೆ ಸುಟ್ಟ ಜೇಡಿಮಣ್ಣಿನ, ಇಟ್ಟಿಗೆಯ ಪುಡಿ. ಅದರ ಸಿಲಿಕಾ ಸುಣ್ಣದ ಜೊತೆ ಸೇರಿ ನೀರಿನಲ್ಲೂ ಗಟ್ಟಿಯಾಗುತ್ತೆ. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಕೊಚ್ಚಿಹೋಗಿದ್ದು 19ನೇ ಗೇಟು, ಗೋಡೆಯಲ್ಲ. ಸೈಟ್ ವಿಸಿಟ್ ರಿಪೋರ್ಟಿನಲ್ಲಿ ನಾನು 33 ಗೇಟುಗಳ ಬಗ್ಗೆ ಒಂದು ಪುಟ ಬರೆದಿದ್ದೆ. ಸುರ್ಕಿಗೆ ಒಂದು ಸಾಲೂ ಇರಲಿಲ್ಲ.

ಇದೇ ಕೆಮಿಸ್ಟ್ರಿ ಕಂಪ್ಲಿಯಲ್ಲೂ ಇದೆ. ಒಂದು ಟನ್ ಭತ್ತಕ್ಕೆ ಸುಮಾರು 200 ಕೆ.ಜಿ. ಹೊಟ್ಟು, ಅದನ್ನು ಸುಟ್ಟರೆ ಸುಮಾರು 40 ಕೆ.ಜಿ. ಬೂದಿ. ಬೂದಿಯ ಬಹುಪಾಲು ಸಿಲಿಕಾ. ಹದವಾಗಿ ಸುಟ್ಟಿರಬೇಕು, ಕಾವು ಮಿತಿಮೀರಿದರೆ ಹರಳುಗಟ್ಟಿ ಕೆಲಸಕ್ಕೆ ಬರಲ್ಲ. ರೈಸ್‌ಮಿಲ್ಲಿನ ಬೂದಿ ಎಷ್ಟರಮಟ್ಟಿಗೆ ಆಗುತ್ತೆ ಅಂತ ಪರೀಕ್ಷಿಸೋದು ಒಳ್ಳೇ ಪ್ರಾಜೆಕ್ಟ್ ಅಲ್ವಾ? ಇತ್ತ ಸಂಡೂರು ತಾಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕುಲುಮೆಯ ಸ್ಲ್ಯಾಗ್ ಇದೆ. ಐಎಸ್ 455 ಪ್ರಕಾರ ಸ್ಲ್ಯಾಗ್ ಸಿಮೆಂಟಿನಲ್ಲಿ ಅದು 70 ಶೇಕಡಾವರೆಗೂ ಇರಬಹುದು. ಅಷ್ಟು ಕ್ಲಿಂಕರ್ ಉಳಿದ ಹಾಗೆ. ಕ್ಲಿಂಕರ್‌ಗೆ ಸುಣ್ಣದಕಲ್ಲು ಸುಟ್ಟಾಗ ಆ ಕಲ್ಲಿನೊಳಗಿಂದಲೇ ಕಾರ್ಬನ್ ಡೈಆಕ್ಸೈಡ್ ಬರುತ್ತೆ, ಕಾರ್ಖಾನೆಗೆ ಎಷ್ಟು ಸೋಲಾರ್ ಹಾಕಿದರೂ ಅದು ನಿಲ್ಲಲ್ಲ. ಹಾಗಂತ ಸ್ಲ್ಯಾಗ್ ಸಿಮೆಂಟ್ ಬಳಸಿದರೆ ಸಂಡೂರಿನ ಗುಡ್ಡ ವಾಪಸ್ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಗೆದದ್ದು ಹೋಯ್ತು.

ಇಂಟರ್ನ್‌ಶಿಪ್‌ನಲ್ಲಿ ಒಬ್ಬ ಮೇಸ್ತ್ರಿಗೆ ಈ ಸಿಮೆಂಟಿನ ವಿಷಯ ಹೇಳಿದೆ. "ಅದೆಲ್ಲಾ ಬ್ಯಾಡ ಬಿಡಪ್ಪ, ಜಲ್ದಿ ಗಟ್ಟಿ ಆಗಂಗಿಲ್ಲ. ಸೆಂಟ್ರಿಂಗ್ ಬಾಡಿಗೆ ನಿಮ್ಮಪ್ಪ ಕಟ್ತಾನೇನು?" ಅಂದ. ಬೈಗುಳ ಬಿಟ್ಟು ನೋಡಿದರೆ ಮಾತು ಸರಿ. ಸ್ಲ್ಯಾಗ್ ಸಿಮೆಂಟಿಗೆ ಮೊದಲ ದಿನಗಳ ಬಲ ನಿಧಾನ, ಕ್ಯೂರಿಂಗ್ ಹೆಚ್ಚು ದಿನ ಬೇಕು, ಸೆಂಟ್ರಿಂಗ್ ಕೂಡ ಬೇಗ ಬಿಚ್ಚೋಕಾಗಲ್ಲ. ಆ ಖರ್ಚನ್ನು ಎಸ್ಟಿಮೇಟಿನಲ್ಲಿ ಮೊದಲೇ ತೋರಿಸಬೇಕಾದವರು ನಾವು. ತೋರಿಸದೇ ಇದ್ದರೆ ಮೇಸ್ತ್ರಿ ತನಗೆ ಗೊತ್ತಿರೋ ದಾರಿ ಹಿಡೀತಾನೆ: ಇನ್ನೊಂದು ಚೀಲ ಜಾಸ್ತಿ ಹಾಕ್ತಾನೆ.

ಈ ಸೆಮಿಸ್ಟರಿನ ಎಸ್ಟಿಮೇಷನ್ ಅಸೈನ್‌ಮೆಂಟಿನಲ್ಲಿ ನಾನು ಆ ಕಾಲಂ ಎಳೆದು ಕೊಟ್ಟಿದ್ದೀನಿ. ಮಾರ್ಕ್ಸ್ ಹೋದರೆ ಹೋಗಲಿ. ಇನ್ನು ಲ್ಯಾಬ್ ಹಿಂದಿನ ಗುಡ್ಡ. ಒಡೆದ ಕಾಂಕ್ರೀಟನ್ನು ಜಲ್ಲಿಯಾಗಿ ಬಳಸೋಕೆ ಐಎಸ್ 383ರ 2016ರ ಆವೃತ್ತಿಯಲ್ಲೇ ಅವಕಾಶ ಇದೆ. ಮಳೆ ಬಂದರೆ ನಮ್ಮ ಬೈಕ್ ಸ್ಟ್ಯಾಂಡ್ ಗದ್ದೆ ಆಗುತ್ತೆ, ಅದರ ಬೆಡ್ಡಿಗೆ ಅಷ್ಟು ಜಲ್ಲಿ ಸಾಕು. ಎಚ್‌ಒಡಿ ಹತ್ರ ಪರ್ಮಿಷನ್ ಕೇಳೋಕೆ ಹತ್ತು ಜನ ಬೇಕು. ಶನಿವಾರ ಮಧ್ಯಾಹ್ನ ಲ್ಯಾಬ್ ಹಿಂದೆ ಸಿಗಿ.